ಕಸಾಲ್ಸ್ ನುಡಿಸದೇ ಇದ್ದ ವರ್ಷಗಳು

ಪಾಬ್ಲೋ ಕಸಾಲ್ಸ್ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಳ್ತಾನೇ ಇದ್ದೆ. ಇಪ್ಪತ್ತನೇ ಶತಮಾನದಲ್ಲಿ ಚೆಲ್ಲೋ ನುಡಿಸಿದೋರಲ್ಲಿ ಮೊದಲು ಬಾಯಿಗೆ ಬರೋ ಹೆಸರೇ ಇವರದ್ದು. ಅವರ ಕತಲಾನ್ ಭಾಷೆಯಲ್ಲಿ ಪಾವ್ ಕಸಾಲ್ಸ್, ಹೊರಗಿನೋರಿಗೆ ಪಾಬ್ಲೋ. ಇವರ ಬಗ್ಗೆ ಯಾರೇ ಬರೆದ್ರೂ ಎಷ್ಟು ಚೆನ್ನಾಗಿ ನುಡಿಸ್ತಿದ್ರು ಅಂತ ಬರೀತಾರೆ, ಅದು ನಿಜಾನೂ ಹೌದು, ಆದ್ರೆ ನನ್ನ ಮನಸ್ಸಲ್ಲಿ ಕೂತಿರೋದು ಬೇರೆ. ಈ ಮನುಷ್ಯ ಜೀವನದಲ್ಲಿ ಎಷ್ಟೆಷ್ಟು ಸಲ "ಇಲ್ಲ, ನಾನು ನುಡಿಸೋಲ್ಲ" ಅಂದ್ರು, ಯಾರ ಮುಂದೆ ಅಂದ್ರು, ಅದ್ರಿಂದ ಏನೇನು ಕಳ್ಕೊಂಡ್ರು ಅನ್ನೋದು. ಅದನ್ನ ಒಂದು ಕಡೆ ಸೇರಿಸಿ ನೋಡಿದ್ರೆ ಅವರ ಸಂಗೀತಾನೇ ಬೇರೆ ಥರ ಕೇಳ್ಸತ್ತೆ ನಂಗೆ.

ಚೆಲ್ಲೋ ಹತ್ತಿರದಿಂದ ನೋಡದೇ ಇರೋರಿಗೆ ಎರಡು ಮಾತು. ವಯಲಿನ್ ಕುಟುಂಬದ್ದೇ ವಾದ್ಯ, ನಾಲ್ಕು ತಂತಿ, ಆದ್ರೆ ದೊಡ್ಡದು, ಕುರ್ಚಿ ಮೇಲೆ ಕೂತು ಎರಡು ಮಂಡಿ ನಡುವೆ ಇಟ್ಕೊಂಡು, ಕೆಳಗಡೆ ಇರೋ ಚೂಪು ಕಡ್ಡಿ ನೆಲಕ್ಕೆ ಊರಿ, ಅಡ್ಡಡ್ಡ ಕಮಾನು ಎಳೀತಾರೆ. ಗಂಡಸಿನ ಕಂಠಕ್ಕೆ ತುಂಬಾ ಹತ್ತಿರದ ದನಿ. ನಾನು ಸ್ಕೂಲ್ ಓದೋವಾಗ ಕರ್ನಾಟಕ ಸಂಗೀತದ ವಯಲಿನ್ ಕಲೀತಿದ್ದೆ, ಕಮಾನು ಅಂದ್ರೆ ಏನು, ಶ್ರುತಿ ಒಂದು ಕೂದಲೆಳೆ ಜಾರಿದ್ರೂ ಏನಾಗತ್ತೆ ಅನ್ನೋದು ಕೈಗೆ ಗೊತ್ತು, ಬಹುಶಃ ಅದಕ್ಕೇ ಈ ವಾದ್ಯ ಇಷ್ಟು ಹಿಡಿಸ್ತು.

ಕಸಾಲ್ಸ್ ಹುಟ್ಟಿದ್ದು 1876ರ ಡಿಸೆಂಬರ್ 29ಕ್ಕೆ, ಸ್ಪೇನ್‌ನ ಕತಲೋನಿಯಾ ಪ್ರಾಂತ್ಯದ ಎಲ್ ವೆಂಡ್ರೆಲ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಕಾರ್ಲೆಸ್ ಆ ಊರಿನ ಚರ್ಚಲ್ಲಿ ಆರ್ಗನ್ ನುಡಿಸೋರು, ಭಜನೆ ಮೇಳ ಅಂತೀವಲ್ಲ ಹಾಗೆ ಅಲ್ಲಿನ ಗಾಯಕರ ಗುಂಪಿಗೂ ಅವರೇ ಮೇಷ್ಟ್ರು. ಅಮ್ಮ ಪಿಲಾರ್ ಹುಟ್ಟಿದ್ದು ಅಟ್ಲಾಂಟಿಕ್ ಆಚೆ ಪೋರ್ಟೊ ರಿಕೋ ದ್ವೀಪದಲ್ಲಿ, ಅಲ್ಲಿಗೆ ವಲಸೆ ಹೋಗಿದ್ದ ಕತಲಾನ್ ಮನೆತನದಲ್ಲಿ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗತ್ತೆ. ಹುಡುಗನಿಗೆ ಮೊದಲ ಚೆಲ್ಲೋ ಅಂತ ಸಿಕ್ಕಿದ್ದು ಅಪ್ಪ ಸೋರೆ ಬುರುಡೆಯಿಂದ ಮಾಡಿಕೊಟ್ಟಿದ್ದು, ಅದಕ್ಕೆ ಒಂದೇ ಒಂದು ತಂತಿ. ತಂಬೂರಿ, ವೀಣೆ ಬುರುಡೆ ನೋಡಿರೋ ನಮಗೆ ಇದೇನು ಆಶ್ಚರ್ಯ ಅಲ್ಲ ಬಿಡಿ. ಆ ಬುರುಡೆ ವಾದ್ಯಾನ ಅವರು ಕೊನೇವರೆಗೂ ಇಟ್ಕೊಂಡಿದ್ರು.

ಅಪ್ಪನಿಗೆ ಮಗ ಬಡಗಿ ಕೆಲಸ ಕಲೀಲಿ ಅಂತ ಆಸೆ, ಸಂಗೀತದಲ್ಲಿ ಹೊಟ್ಟೆ ತುಂಬಲ್ಲ ಅನ್ನೋದು ಅವರಿಗೆ ಸ್ವಂತ ಅನುಭವ. ಅಮ್ಮ ಒಪ್ಪಲಿಲ್ಲ. 1888ರಲ್ಲಿ ಮಗನ್ನ ಕರ್ಕೊಂಡು ಬಾರ್ಸಿಲೋನಾಕ್ಕೆ ಹೋಗಿ ಅಲ್ಲಿನ ಸಂಗೀತ ಶಾಲೆಗೆ ಸೇರಿಸೇ ಬಿಟ್ರು. ಈ ಪಿಲಾರ್ ಅನ್ನೋ ಹೆಂಗಸಿನ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಮುಂದೆ ಒಂದಿನ ಇನ್ನೊಬ್ಬ ಮಗ ಎನ್ರಿಕ್‌ಗೆ ಸೈನ್ಯಕ್ಕೆ ಸೇರು ಅಂತ ಸರ್ಕಾರದ ಕರೆ ಬಂದಾಗ, ನೀನು ಯಾರನ್ನೂ ಕೊಲ್ಲಬೇಕಾಗಿಲ್ಲ, ನಿನ್ನನ್ನೂ ಯಾರೂ ಕೊಲ್ಲಬೇಕಾಗಿಲ್ಲ, ಹೊರಟುಹೋಗು ಅಂತ ಮಗನ್ನ ದೇಶದಿಂದಲೇ ಆಚೆ ಕಳಿಸಿದ ತಾಯಿ ಅವರು. ಕಸಾಲ್ಸ್‌ಗೆ "ಇಲ್ಲ" ಅನ್ನೋ ಗಟ್ಟಿತನ ಎಲ್ಲಿಂದ ಬಂತು ಅಂತ ಬೇರೆ ಕಡೆ ಹುಡ್ಕೋದೇ ಬೇಡ ಅನ್ಸತ್ತೆ ನಂಗೆ.

ಬಾರ್ಸಿಲೋನಾದಲ್ಲಿ ಓದ್ತಾ ಓದ್ತಾ ಹುಡುಗ ಸಂಜೆ ಹೊತ್ತು ಒಂದು ಕೆಫೆಯಲ್ಲಿ ನುಡಿಸಿ ದುಡೀತಿದ್ದ. 1890, ವಯಸ್ಸು 13. ಅಪ್ಪ ಊರಿಂದ ನೋಡೋಕೆ ಬಂದಿದ್ರು, ಆವತ್ತೇ ಮಗನಿಗೆ ಮೊದಲ ಪೂರ್ತಿ ಸೈಜಿನ ಚೆಲ್ಲೋ ಕೊಡಿಸಿದ್ರು, ಇಬ್ಬರೂ ಬಂದರಿನ ಹತ್ತಿರ ಹಳೇ ಸಂಗೀತದ ಹಾಳೆಗಳು ಮಾರೋ ಒಂದು ಅಂಗಡಿಗೆ ನುಗ್ಗಿ ಕೆಫೆಗೆ ಏನಾದ್ರೂ ಹೊಸದು ಸಿಗತ್ತಾ ಅಂತ ಕೆದಕ್ತಿದ್ರು. ಆಗ ಕೈಗೆ ಸಿಕ್ಕಿದ್ದು ಒಂದು ಹಳೇ ಕಟ್ಟು, ಹದಿನೆಂಟನೇ ಶತಮಾನದ ಜರ್ಮನ್ ಸಂಯೋಜಕ ಬಾಖ್‌ನ ಆರು ಸೂಟ್‌ಗಳು, ಒಂಟಿ ಚೆಲ್ಲೋಗೆ ಬರೆದಿದ್ದು. ಪಕ್ಕವಾದ್ಯ ಇಲ್ಲ, ಪಿಯಾನೋ ಇಲ್ಲ. 1720ರ ಆಸುಪಾಸಲ್ಲಿ ಬರೆದದ್ದು, ಬಾಖ್ ಕೈಬರಹದ ಪ್ರತಿ ಉಳಿದಿಲ್ಲ, ಅವರ ಎರಡನೇ ಹೆಂಡತಿ ಆನ್ನಾ ಮಗ್ದಲೇನಾ ನಕಲು ಮಾಡಿಟ್ಟ ಪ್ರತಿ ಉಳೀತು. ಒಂದೊಂದು ಸೂಟ್‌ನಲ್ಲೂ ಮೊದಲು ಒಂದು ಪ್ರೆಲ್ಯೂಡ್, ಆಮೇಲೆ ಸಾಲಾಗಿ ನೃತ್ಯದ ಲಯದ ತುಣುಕುಗಳು. ಆ ಕಾಲದಲ್ಲಿ ಇದನ್ನ ಕಚೇರಿಗೆ ತರೋ ಸಂಗೀತ ಅಂತ ಹೆಚ್ಚಿನವರು ನೋಡ್ತಾನೇ ಇರ್ಲಿಲ್ಲ, ನಾವು ವರ್ಣ, ಅಲಂಕಾರ ಸಾಧನೆ ಮಾಡ್ತೀವಲ್ಲ ಹಾಗೆ ಕೈ ಪಳಗಿಸೋಕೆ ಅಂತ ಇಟ್ಕೊಂಡಿದ್ರು, ಆಗೊಮ್ಮೆ ಈಗೊಮ್ಮೆ ಒಂದು ತುಣುಕು ಎತ್ತಿ ನುಡಿಸ್ತಿದ್ರು ಅಷ್ಟೇ.

ಹುಡುಗ ಅದನ್ನ ಮನೆಗೆ ತಗೊಂಡು ಹೋಗಿ ಏನು ಮಾಡಿದ ನೋಡಿ. ಸಾಧನೆ ಶುರು ಮಾಡಿದ, ಆದ್ರೆ ಒಂದು ಇಡೀ ಸೂಟನ್ನ ಜನರ ಮುಂದೆ ನುಡಿಸೋಕೆ ಹನ್ನೆರಡು ವರ್ಷಕ್ಕಿಂತ ಜಾಸ್ತಿ ತಗೊಂಡ. ದಿನಾ ಮನೇಲಿ ನುಡಿಸ್ತಾ, ಇನ್ನೂ ಇಲ್ಲ, ಇನ್ನೂ ಇಲ್ಲ ಅಂತ ತನಗೆ ತಾನೇ ಹೇಳ್ಕೊಂಡು. ಇವತ್ತು ಕಲಿತಿದ್ದನ್ನ ಇವತ್ತೇ ರೀಲ್ ಮಾಡಿ ಹಾಕೋ ಕಾಲದಲ್ಲಿ ನಿಂತು ಇದನ್ನ ಯೋಚನೆ ಮಾಡಿದ್ರೆ ಮೈ ಜುಮ್ ಅನ್ನತ್ತೆ. ನನ್ನ ಲೆಕ್ಕದಲ್ಲಿ ಇದು ಅವರ ಮೊದಲನೇ "ನುಡಿಸೋಲ್ಲ".

ಎರಡನೇದು ಬ್ರಸೆಲ್ಸ್‌ನಲ್ಲಿ. ಅಷ್ಟೊತ್ತಿಗೆ ಆಲ್ಬೆನಿಸ್ ಅನ್ನೋ ದೊಡ್ಡ ಸಂಯೋಜಕರು ಇವನ ಕೈ ನೋಡಿ ಮ್ಯಾಡ್ರಿಡ್ ಅರಮನೆಗೆ ಒಂದು ಪತ್ರ ಬರೆದುಕೊಟ್ಟಿದ್ರು, ರಾಣಿ ಮರಿಯಾ ಕ್ರಿಸ್ತಿನಾ ಕಡೆಯಿಂದ ಸ್ಟೈಪೆಂಡ್ ಸಿಕ್ಕಿತ್ತು, ಮುಂದಿನ ಓದಿಗೆ 1895ರಲ್ಲಿ ಬ್ರಸೆಲ್ಸ್ ಕನ್ಸರ್ವೇಟರಿಗೆ, ಅಂದ್ರೆ ಅಲ್ಲಿನ ಸಂಗೀತ ಕಾಲೇಜಿಗೆ, ಕಳಿಸಿದ್ರು. ಅಲ್ಲಿ ಚೆಲ್ಲೋ ಪ್ರೊಫೆಸರ್ ಈ ಹಳ್ಳಿ ಕಡೆ ಹುಡುಗನ್ನ ನೋಡಿ ಏನಪ್ಪ ಏನೇನು ನುಡಿಸ್ತೀಯ ಅಂತ ಕೇಳಿದ್ರು, ನೀವು ಹೇಳಿದ್ದು ನುಡಿಸ್ತೀನಿ ಅಂದ. ಇವನಿಗೆ ಎಲ್ಲಾನೂ ಬರತ್ತಂತೆ ಕಣ್ರೋ ಅಂತ ಕ್ಲಾಸ್ ಮುಂದೆ ಆಡ್ಕೊಂಡ್ರು, ಹುಡುಗರೆಲ್ಲ ನಕ್ಕರು. ಆಮೇಲೆ ಕಷ್ಟದ್ದೊಂದು ತುಣುಕು ಕೊಟ್ರು. ಇವನು ಕೂತು ನುಡಿಸಿದ. ಕ್ಲಾಸ್ ಗಪ್‌ಚುಪ್. ಪ್ರೊಫೆಸರ್ ಪಕ್ಕಕ್ಕೆ ಕರ್ದು ನನ್ನ ಕ್ಲಾಸಿಗೆ ಸೇರ್ಕೋ, ಮೊದಲ ಬಹುಮಾನ ನಿಂದೇ ಅಂದ್ರಂತೆ. ಇಲ್ಲ, ನೀವು ಇವರೆಲ್ಲರ ಮುಂದೆ ನನ್ನ ಅವಮಾನ ಮಾಡಿದ್ರಿ, ನಾನು ಇಲ್ಲಿ ಇರಲ್ಲ ಅಂತ ಹೇಳಿ ಎದ್ದು ಹೊರಟ. ಈ ಕಥೆ ಸ್ವತಃ ಕಸಾಲ್ಸ್ ಮುಪ್ಪಿನಲ್ಲಿ ಹೇಳ್ಕೊಂಡಿದ್ದು.

ಕೇಳೋಕೆ ಸಿನಿಮಾ ಸೀನ್ ಥರ ಇದೆ, ಆದ್ರೆ ಮುಂದೆ ಆಗಿದ್ದು ನೋಡಿ. ಬ್ರಸೆಲ್ಸ್ ಬಿಟ್ರೆ ದುಡ್ಡಿಲ್ಲ ಅಂತ ಅರಮನೆಯಿಂದ ಸ್ಟೈಪೆಂಡ್ ನಿಂತುಹೋಯ್ತು. ಅಮ್ಮ, ಜೊತೇಲಿ ಚಿಕ್ಕ ತಮ್ಮಂದಿರು, ಎಲ್ಲ ಪ್ಯಾರಿಸ್‌ಗೆ ಬಂದಿದ್ದಾರೆ, ಚಳಿಗಾಲ ಬೇರೆ. ಇವನಿಗೆ ಒಂದು ಮ್ಯೂಸಿಕ್ ಹಾಲ್‌ನ ವಾದ್ಯವೃಂದದಲ್ಲಿ ಕೆಲಸ ಸಿಕ್ತು, ಕೂಲಿ ಕಡಿಮೆ, ಟ್ರಾಮಿಗೆ ಕಾಸು ಉಳಿಸೋಕೆ ಚೆಲ್ಲೋ ಹೊತ್ಕೊಂಡು ನಡ್ಕೊಂಡೇ ಹೋಗಿ ಬರ್ತಿದ್ದ, ಕೊನೆಗೆ ಕಾಯಿಲೆ ಬಿದ್ದ. ಅಮ್ಮ ಹಗಲು ರಾತ್ರಿ ಹೊಲಿಗೆ ಹಾಕ್ತಿದ್ರು. ಒಂದಿನ ಹೊರಗೆ ಹೋದೋರು ವಾಪಸ್ ಬಂದಾಗ ಅವರ ಉದ್ದ ಕೂದಲು ಇಲ್ಲ, ಕತ್ತರಿಸಿ ಮಾರಿ ಬಂದಿದ್ರು. ಅದು ಬರೀ ಕೂದಲು ತಾನೇ, ಬೆಳೆಯತ್ತೆ ಅಂದ್ರಂತೆ. ಅಂದ್ರೆ ಈ ಹುಡುಗನ ಸ್ವಾಭಿಮಾನಕ್ಕೆ ಬೆಲೆ ಕಟ್ಟಿದ್ದು ಅಮ್ಮ. ಹಾಗಿದ್ರೂ ಅವರು ಒಂದು ಸಲನೂ ಆ ಪ್ರೊಫೆಸರ್ ಹತ್ರ ಹೋಗಿ ಕ್ಷಮೆ ಕೇಳು ಅಂತ ಅನ್ನಲಿಲ್ಲ.

ಆಮೇಲೆ ದೆಸೆ ತಿರುಗ್ತು. ಬಾರ್ಸಿಲೋನಾಕ್ಕೆ ವಾಪಸ್ ಬಂದಾಗ ಅವರ ಹಳೇ ಗುರುಗಳು ಅರ್ಜೆಂಟೀನಾಕ್ಕೆ ಹೊರಟಿದ್ರು, ಅವರ ಪಾಠದ ಕೆಲಸವೆಲ್ಲ ಇವರಿಗೆ ಬಂತು. 1899ರಲ್ಲಿ ಇಂಗ್ಲೆಂಡಿನಲ್ಲಿ ರಾಣಿ ವಿಕ್ಟೋರಿಯಾ ಮುಂದೆ ನುಡಿಸಿದ್ದು, ಅದೇ ವರ್ಷ ಪ್ಯಾರಿಸ್‌ನಲ್ಲಿ ಲಮೂರೋ ಅವರ ವಾದ್ಯವೃಂದದ ಜೊತೆ ನುಡಿಸಿದ್ದು, ಅಲ್ಲಿಂದ ಹಿಂತಿರುಗಿ ನೋಡಲೇ ಇಲ್ಲ. 1901ರಲ್ಲಿ ಅಮೆರಿಕ ಪ್ರವಾಸದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಟಮಲ್ಪೈಸ್ ಬೆಟ್ಟ ಹತ್ತಿದಾಗ ಮೇಲಿಂದ ಒಂದು ಬಂಡೆ ಉರುಳಿ ಎಡಗೈ ಬೆರಳು ಜಜ್ಜಿಹೋಯ್ತು. ರಕ್ತ ಸುರೀತಿರೋ ಕೈ ನೋಡಿ ಅವರ ತಲೆಗೆ ಬಂದ ಮೊದಲ ಯೋಚನೆ, ದೇವ್ರೇ, ಇನ್ನು ಚೆಲ್ಲೋ ನುಡಿಸಬೇಕಾಗಿಲ್ಲ ಅಂತ! ಅವರೇ ಹೇಳಿರೋ ಮಾತು. ಅಷ್ಟು ದೊಡ್ಡ ಹೆಸರು ಬಂದ ಮೇಲೂ ವೇದಿಕೆ ಹತ್ತೋವಾಗ ಪ್ರತಿ ಸಲ ಎದೆ ನಡುಗ್ತಿತ್ತು ಅವರಿಗೆ, ಸಾಯೋವರೆಗೂ ಹೋಗಲಿಲ್ಲ ಆ ಭಯ. ಬೆರಳು ವಾಸಿಯಾಯ್ತು, ಮತ್ತೆ ನುಡಿಸಿದ್ರು. 1904ರಲ್ಲಿ ವೈಟ್ ಹೌಸ್‌ನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮುಂದೆ. ಮುಂದೆ ಪಿಯಾನೋದ ಕೊರ್ತೋ, ವಯಲಿನ್‌ನ ತಿಬೋ ಜೊತೆ ಸೇರಿ ಮೂವರ ತಂಡ, ಅವರ ರೆಕಾರ್ಡ್‌ಗಳನ್ನ ಈಗಲೂ ಜನ ಹುಡುಕಿ ಕೇಳ್ತಾರೆ.

ಕೈ ವಿಷಯ ಬಂತಲ್ಲ, ಅವರು ಆ ವಾದ್ಯಕ್ಕೆ ಏನು ಮಾಡಿದ್ರು ಅಂತ ಹೇಳ್ಬೇಕು, ವಯಲಿನ್ ಹಿಡಿದೋರಿಗೆ ಇದು ಖುಷಿ ಕೊಡತ್ತೆ. ಅವರು ಕಲಿಯೋ ಕಾಲದಲ್ಲಿ ಬಲಗೈ ಕಂಕುಳಲ್ಲಿ ಒಂದು ಪುಸ್ತಕ ಇಟ್ಕೊಂಡು ಅದು ಬೀಳದ ಹಾಗೆ ಕಮಾನು ಎಳೀಬೇಕಿತ್ತು, ಮೊಣಕೈ ಮೈಗೆ ಅಂಟಿರಬೇಕು, ಅದೇ ಶಿಸ್ತು. ಹುಡುಗ ಕಸಾಲ್ಸ್ ಆ ಕೈಯನ್ನ ಬಿಡಿಸ್ಬಿಟ್ಟ, ಭುಜದಿಂದ ಸರಾಗವಾಗಿ ಎಳೆಯೋಕೆ ಶುರು ಮಾಡಿದ. ಎಡಗೈನಲ್ಲಿ ಪ್ರತಿ ಸ್ವರಕ್ಕೂ ಕೈಯನ್ನೇ ಮೇಲೆ ಕೆಳಗೆ ಜಾರಿಸೋ ಬದ್ಲು ಬೆರಳು ಅಗಲಿಸಿ ಹಿಡಿಯೋದು, ಅದ್ರಿಂದ ಅನಗತ್ಯ ಜಾರುಗಳೆಲ್ಲ ಕಮ್ಮಿ ಆದ್ವು. ಇನ್ನೊಂದು ಶ್ರುತಿ. ಪಿಯಾನೋದಲ್ಲಿ ಸ್ವರಗಳ ಅಂತರ ಗೂಟ ಹೊಡೆದ ಹಾಗೆ ಒಂದೇ ಸಮ. ಕಸಾಲ್ಸ್ ಅದನ್ನ ಒಪ್ಪಲೇ ಇಲ್ಲ. ಒಂದು ಸ್ವರ ಎಲ್ಲಿಗೆ ಹೋಗ್ತಿದೆಯೋ ಆ ಕಡೆಗೆ ವಾಲಬೇಕು, ಮೇಲಿನ ಷಡ್ಜಕ್ಕೆ ಹೊರಟ ನಿಷಾದ ಷಡ್ಜದ ಹತ್ತಿರಕ್ಕೇ ಹೋಗಿ ನಿಲ್ಲಬೇಕು ಅಂತ ಶಿಷ್ಯರಿಗೆ ಪಾಠ ಮಾಡ್ತಿದ್ರು. ಒಂದೇ ಸ್ವರಕ್ಕೆ ರಾಗ ರಾಗಕ್ಕೂ ಜಾಗ ಸ್ವಲ್ಪ ಬದಲಾಗತ್ತೆ ಅಂತ ಕೇಳ್ತಾ ಬೆಳೆದ ನಮ್ಮ ಕಿವಿಗೆ ಇದು ಎಷ್ಟು ಸಹಜ ಅಲ್ವಾ. ಅವರ ರೆಕಾರ್ಡಿಂಗ್ ಮೊದಲ ಸಲ ಕೇಳಿದಾಗ ನನಗೆ ಪಾಶ್ಚಾತ್ಯ ಸಂಗೀತ ದೂರದ್ದು ಅನ್ನಿಸದೇ ಇದ್ದಿದ್ದು ಇದರಿಂದಲೇ ಅಂತ ಈಗ ಅನ್ಸತ್ತೆ.

ಸರಿ, ಮತ್ತೆ "ನುಡಿಸೋಲ್ಲ" ವಿಷಯಕ್ಕೆ. ಪ್ಯಾರಿಸ್‌ನಲ್ಲಿ ಒಂದು ಸಲ ಚೆಕ್ ಸಂಯೋಜಕ ದ್ವೊರ್ಝಾಕ್ ಅವರ ಚೆಲ್ಲೋ ಕಾನ್ಚೆರ್ಟೋ (ವಾದ್ಯವೃಂದದ ಜೊತೆ ಒಂದು ಚೆಲ್ಲೋ ಮುಂದೆ ನಿಂತು ನುಡಿಯೋ ಕೃತಿ) ನುಡಿಸ್ಬೇಕಿತ್ತು, ವಾದ್ಯವೃಂದ ನಡೆಸೋ ಕಂಡಕ್ಟರ್ ಪಿಯೆರ್ನೇ ಆ ಕೃತಿ ಬಗ್ಗೆ ತೀರಾ ಹಗುರವಾಗಿ ಮಾತಾಡಿದ್ರು, ಅಲ್ಲೇ ಇದ್ದ ಫ್ರೆಂಚ್ ಸಂಯೋಜಕ ಡೆಬ್ಯುಸಿ ಕೂಡ ಅವರ ಪರಾನೇ ನಿಂತ್ರು. ಈ ಸಂಗೀತದ ಮೇಲೆ ಗೌರವ ಇಲ್ಲದೋರ ಜೊತೆ ನಾನು ನುಡಿಸೋಲ್ಲ ಅಂತ ಕಸಾಲ್ಸ್ ಹೊರಟೇಬಿಟ್ರು. ಕೇಸ್ ಆಯ್ತು, ಸೋತ್ರು, ದಂಡ ಕಟ್ಟಿದ್ರು. ರಾಜಕೀಯಕ್ಕೂ ಮುಂಚೆನೇ, ಬರೀ ಸಂಗೀತದ ಮರ್ಯಾದೆ ವಿಷಯಕ್ಕೂ ಇವರು ಹಾಗೇ ಇದ್ರು ಅನ್ನೋದಕ್ಕೆ ಇದು ಹೇಳ್ದೆ.

1919ರಲ್ಲಿ ಬಾರ್ಸಿಲೋನಾದಲ್ಲಿ ಸ್ವಂತ ವಾದ್ಯವೃಂದ ಕಟ್ಟೋಕೆ ಕೈ ಹಾಕಿದ್ರು, ಪ್ರವಾಸದಲ್ಲಿ ದುಡಿದ ದುಡ್ಡು ಅದಕ್ಕೇ ಸುರಿದ್ರು. 1926ರಲ್ಲಿ ಕಾರ್ಮಿಕರಿಗೆ ಅಂತಾನೇ ಒಂದು ಸಂಗೀತ ಸಂಘ, ಕಡಿಮೆ ಸಂಬಳದೋರಿಗೆ ಮಾತ್ರ ಸದಸ್ಯತ್ವ, ಭಾನುವಾರ ಬೆಳಗ್ಗೆ ಅವರಿಗಾಗಿ ಕಚೇರಿ. ಇದು ನಂಗೆ ಅವರ ಬದುಕಿನ ಅತ್ಯಂತ ಇಷ್ಟದ ಭಾಗ. ಫ್ಯಾಕ್ಟರಿ ಕೆಲಸದೋರು ವಾರದ ಒಂದೇ ರಜೆ ದಿನ ಬಂದು ಬೇಥೋವನ್ ಕೇಳೋದು, ಅದೂ ಯಾರೋ ದಾನ ಮಾಡಿದ ಪಾಸ್ ಹಿಡ್ಕೊಂಡು ಅಲ್ಲ, ತಮ್ಮದೇ ಚಂದಾ ಕಟ್ಟಿ, ತಮ್ಮದೇ ಸಂಘದ ಸದಸ್ಯರಾಗಿ.

1936ರ ಜುಲೈ 18. ಮಾರನೇ ದಿನದ ಕಾರ್ಯಕ್ರಮಕ್ಕೆ ಬೇಥೋವನ್‌ನ ಒಂಬತ್ತನೇ ಸಿಂಫನಿ ರಿಹರ್ಸಲ್ ನಡೀತಿತ್ತು. ಕೊನೇ ಭಾಗಕ್ಕೆ ಬರೋ ಹೊತ್ತಿಗೆ ಒಬ್ಬ ಚೀಟಿ ತಂದುಕೊಟ್ಟ, ಸೈನ್ಯ ದಂಗೆ ಎದ್ದಿದೆ, ಎಲ್ಲರೂ ಮನೆಗೆ ಹೋಗಿ, ನಾಳೆ ಕಾರ್ಯಕ್ರಮ ಇಲ್ಲ ಅಂತ. ಕಸಾಲ್ಸ್ ಅದನ್ನ ಓದಿ ಹೇಳಿ, ಮತ್ತೆ ಯಾವಾಗ ಸೇರ್ತೀವೋ ಗೊತ್ತಿಲ್ಲ, ಹೊರಡೋ ಮುಂಚೆ ಮುಗಿಸೋಣವಾ ಅಂತ ಕೇಳಿದ್ರು. ಎಲ್ಲರೂ ಹೂಂ ಅಂದ್ರು. ಹಾಡೋರು ಬಂದು ನಿಂತ್ರು, ಮನುಷ್ಯರೆಲ್ಲ ಅಣ್ಣತಮ್ಮಂದಿರು ಅನ್ನೋ ಆ ಭಾಗ ಪೂರ್ತಿ ಹಾಡಿ, ನುಡಿಸಿ, ವಾದ್ಯ ಎತ್ಕೊಂಡು ಹೊರಗೆ ಬಂದ್ರೆ ಬೀದಿಯಲ್ಲಿ ಜನ ಅಡ್ಡಗಟ್ಟೆ ಹಾಕೋಕೆ ಶುರು ಮಾಡಿದ್ರು.

ಇಲ್ಲಿಂದ ಮುಂದೆ ಬಾಖ್ ಸೂಟ್‌ಗಳ ರೆಕಾರ್ಡಿಂಗ್ ದಿನಾಂಕ ಒಂದು ಕಡೆ, ಆ ದಂಗೆಯಿಂದ ಶುರುವಾದ ಸ್ಪೇನ್‌ನ ಅಂತರ್ಯುದ್ಧದ ದಿನಾಂಕ ಇನ್ನೊಂದು ಕಡೆ ಇಟ್ಟು ನೋಡಿ. ಎರಡನೇ ಮತ್ತೆ ಮೂರನೇ ಸೂಟ್ ಲಂಡನ್‌ನ ಆಬ್ಬಿ ರೋಡ್ ಸ್ಟುಡಿಯೋದಲ್ಲಿ 1936ರ ನವೆಂಬರ್, ಯುದ್ಧ ಶುರುವಾಗಿ ನಾಲ್ಕು ತಿಂಗಳು. ಒಂದನೇದು, ಆರನೇದು ಪ್ಯಾರಿಸ್‌ನಲ್ಲಿ 1938ರ ಜೂನ್, ಅದೇ ಮಾರ್ಚ್‌ನಲ್ಲಿ ಬಾರ್ಸಿಲೋನಾ ಮೇಲೆ ಮೂರು ದಿನ ಎಡೆಬಿಡದೆ ಬಾಂಬ್ ಬಿದ್ದಿತ್ತು. 1938ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಲಿಸೇಉ ಥಿಯೇಟರಲ್ಲಿ ಮಕ್ಕಳ ನೆರವಿಗೆ ಅಂತ ಕಚೇರಿ, ಅದರ ರಿಹರ್ಸಲ್ ಹೊತ್ತಲ್ಲಿ ಹತ್ತಿರದಲ್ಲೇ ಬಾಂಬ್ ಬಿದ್ದು ವಾದ್ಯದೋರೆಲ್ಲ ದಿಕ್ಕಾಪಾಲಾದಾಗ ಇವರು ಚೆಲ್ಲೋ ಎತ್ಕೊಂಡು ಬಾಖ್ ಶುರು ಮಾಡಿದ್ರು, ನಿಧಾನಕ್ಕೆ ಎಲ್ಲ ವಾಪಸ್ ಬಂದು ಕೂತ್ರು. 1939ರ ಜನವರಿ 26ಕ್ಕೆ ಬಾರ್ಸಿಲೋನಾ ಫ್ರಾಂಕೋ ಕೈಗೆ ಹೋಯ್ತು, ದಂಗೆ ಎದ್ದ ಸೈನ್ಯದ ನಾಯಕ, ಆಮೇಲೆ ಸ್ಪೇನ್‌ನ ಸರ್ವಾಧಿಕಾರಿಯಾದ ಜನರಲ್. ಕಸಾಲ್ಸ್ ಪ್ಯಾರಿಸ್‌ನಲ್ಲಿ ಸ್ನೇಹಿತರ ಮನೇಲಿ ಬೆಳಕು ಬರದ ಹಾಗೆ ಕೋಣೆ ಮುಚ್ಕೊಂಡು ಯಾರನ್ನೂ ನೋಡದೆ ಕೂತುಬಿಟ್ಟಿದ್ರು. ಉಳಿದ ಎರಡು, ನಾಲ್ಕು ಮತ್ತೆ ಐದನೇ ಸೂಟ್, 1939ರ ಜೂನ್‌ನಲ್ಲಿ. ಆ ಕಾಲದ ಗ್ರಾಮಫೋನ್ ತಟ್ಟೆಗೆ ಒಂದು ಬದಿಗೆ ನಾಲ್ಕು ನಿಮಿಷ ಚಿಲ್ಲರೆ ಅಷ್ಟೇ ಹಿಡೀತಿತ್ತು, ತಪ್ಪಾದ್ರೆ ಕತ್ತರಿಸಿ ಅಂಟಿಸೋ ಹಾಗಿಲ್ಲ, ಪೂರ್ತಿ ಮತ್ತೆ ನುಡಿಸ್ಬೇಕು. ಐದನೇ ಸೂಟ್‌ನ ಸರಬಾಂದ್ ಅನ್ನೋ ನಿಧಾನದ ತುಣುಕು ಕೇಳಿ, ಒಂದು ಕಡೇನೂ ಎರಡು ತಂತಿ ಒಟ್ಟಿಗೆ ಮೀಟಲ್ಲ, ಒಂದೇ ಎಳೆ, ಒಂದಾದ ಮೇಲೊಂದು ಸ್ವರ. ದೇಶ ಕಳ್ಕೊಂಡು ನಾಲ್ಕೈದು ತಿಂಗಳಾಗಿರೋ 62 ವರ್ಷದ ಮನುಷ್ಯ ಅದನ್ನ ನುಡಿಸ್ತಿದ್ದಾರೆ ಅಂತ ಗೊತ್ತಿಟ್ಕೊಂಡು ಕೇಳಿದ್ರೆ ಬೇರೆ, ಗೊತ್ತಿಲ್ಲದೆ ಕೇಳಿದ್ರೂ ಎದೆ ಹಿಡಿಯತ್ತೆ.

ಆಮೇಲೆ ಪ್ರಾದ್. ಫ್ರಾನ್ಸ್‌ನಲ್ಲಿ, ಸ್ಪೇನ್ ಗಡಿ ಹತ್ತಿರ, ಪಿರನೀಸ್ ಬೆಟ್ಟಗಳ ಬುಡದಲ್ಲಿರೋ ಸಣ್ಣ ಊರು, ಅಲ್ಲೂ ಕತಲಾನ್ ಮಾತಾಡ್ತಾರೆ. ಫ್ರಾನ್ಸ್ ಗಡಿ ದಾಟಿ ಬಂದ ಲಕ್ಷಾಂತರ ಸ್ಪೇನ್ ನಿರಾಶ್ರಿತರನ್ನ ತಂತಿಬೇಲಿ ಕ್ಯಾಂಪುಗಳಲ್ಲಿ ಕೂಡಿ ಹಾಕಿದ್ರು. ಕಸಾಲ್ಸ್ ಲೋಕದಲ್ಲಿರೋ ಪರಿಚಯದೋರಿಗೆಲ್ಲ ಪತ್ರ ಬರೆದು ಬರೆದು ದುಡ್ಡು, ಬಟ್ಟೆ, ಆಹಾರ ತರಿಸಿ ಆ ಕ್ಯಾಂಪುಗಳಿಗೆ ಹಂಚೋ ಕೆಲಸಕ್ಕೆ ನಿಂತ್ರು. 1940ರಲ್ಲಿ ಜರ್ಮನ್ ಸೈನ್ಯ ಬರ್ತಿದೆ ಅಂದಾಗ ಬೋರ್ಡೋದಿಂದ ಶಾಂಪ್ಲೇನ್ ಅನ್ನೋ ಹಡಗು ಹತ್ತಿ ಅಮೆರಿಕಕ್ಕೆ ಹೋಗೋ ಪ್ರಯತ್ನ ಮಾಡಿದ್ರು, ಅವರು ಹತ್ತೋ ಮುಂಚೆನೇ ಆ ಹಡಗು ಸಮುದ್ರದಲ್ಲಿಟ್ಟ ಮೈನ್ ಅನ್ನೋ ಸಿಡಿಗುಂಡಿಗೆ ಸಿಕ್ಕಿ ಮುಳುಗ್ತು. ವಾಪಸ್ ಪ್ರಾದ್‌ಗೆ ಬಂದ್ರೆ ಮಧ್ಯರಾತ್ರಿ, ಹೋಟೆಲಿನೋರು ಹೆದರ್ಕೊಂಡು ಬಾಗಿಲು ತೆಗೀಲಿಲ್ಲ, ಹೊಗೆಸೊಪ್ಪಿನ ಅಂಗಡಿಯೋರು ಒಳಗೆ ಕರ್ದು ಮಲಗೋಕೆ ಜಾಗ ಕೊಟ್ರು. ಆಮೇಲೆ ಒಂದಿನ ಜರ್ಮನ್ ಅಧಿಕಾರಿಗಳು ಮನೆಗೇ ಬಂದು ಬಹಳ ಮರ್ಯಾದೆಯಿಂದ ಬರ್ಲಿನ್‌ಗೆ ಬನ್ನಿ, ಅಲ್ಲಿ ನುಡಿಸಿ ಅಂತ ಕರೆದ್ರು. ಇಲ್ಲ ಅಂದ್ರು. ಇಲ್ಲೇ ನಮಗೊಸ್ಕರ ಸ್ವಲ್ಪ ನುಡಿಸಿ ಅಂದ್ರು. ಭುಜ ನೋವು, ಆಗಲ್ಲ ಅಂದ್ರು. ಯಾವಾಗ ಬೇಕಾದ್ರೂ ಎಳ್ಕೊಂಡು ಹೋಗಬಹುದಾದ ಜನರಿಗೆ ಮನೆ ಒಳಗೆ ನಿಂತು ಹೇಳಿದ "ಇಲ್ಲ" ಅದು. ಹಿಟ್ಲರ್ ಬಂದ ವರ್ಷದಿಂದಲೇ, 1933ರಿಂದ, ಜರ್ಮನಿಯಲ್ಲಿ ನುಡಿಸೋದನ್ನ ಬಿಟ್ಟಿದ್ರು ಅವರು, ಅಲ್ಲಿನ ದೊಡ್ಡ ಕಂಡಕ್ಟರ್ ಫುರ್ಟ್‌ವೆಂಗ್ಲರ್ ಕರೆದ್ರೂ ಹೋಗಿರಲಿಲ್ಲ.

ಯುದ್ಧ ಮುಗೀತು. 1945ರಲ್ಲಿ ಇಂಗ್ಲೆಂಡಿಗೆ ಹೋದ್ರು, ಕಚೇರಿಗಳಿಗೆ ಜನ ಕಿಕ್ಕಿರಿದು ಬಂದ್ರು. ಹಿಟ್ಲರ್ ಹೋದ, ಮುಸೊಲಿನಿ ಹೋದ, ಇನ್ನು ಫ್ರಾಂಕೋನೂ ಹೋಗ್ತಾನೆ ಅಂತ ಎಲ್ಲ ದೇಶಭ್ರಷ್ಟ ಕತಲಾನರ ಥರ ಇವರೂ ಕಾಯ್ತಿದ್ರು. ಗೆದ್ದ ದೇಶಗಳು ಫ್ರಾಂಕೋನ ಮುಟ್ಟೋಲ್ಲ ಅನ್ನೋದು ಸ್ಪಷ್ಟ ಆಯ್ತು. ಆವಾಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕೊಡ್ತೀವಿ ಅಂದ ಗೌರವ ಪದವಿ ಬೇಡ ಅಂದ್ರು, ಫ್ರಾಂಕೋ ಸರ್ಕಾರವನ್ನ ಒಪ್ಪಿಕೊಂಡ ಯಾವ ದೇಶದಲ್ಲೂ ಇನ್ನು ನುಡಿಸೋಲ್ಲ ಅಂತ ಹೇಳಿ ಪ್ರಾದ್‌ಗೆ ವಾಪಸ್ ಬಂದು ಕೂತ್ರು.

ಇದೇ ವಿಷಯಕ್ಕೆ ನಮ್ಮಣ್ಣಂಗೂ ನಂಗೂ ವಾದ. ಅವನು ಮೃದಂಗ ನುಡಿಸ್ತಾನೆ, ಕಚೇರಿ ಅಂದ್ರೆ ಪ್ರಾಣ. "ಅಲ್ಲ ಕಣೇ, ಫ್ರಾಂಕೋಗೆ ಚೆಲ್ಲೋ ಕೇಳಿಸದೇ ಹೋದ್ರೆ ಏನು ನಷ್ಟ? ನಷ್ಟ ಆಗಿದ್ದು ಲಂಡನ್‌ನಲ್ಲಿ ಟಿಕೆಟ್ ತಗೊಂಡು ಕೂತ್ಕೊಳ್ಳೋ ಪಾಪದೋರಿಗೆ" ಅಂತಾನೆ. "ಅಣ್ಣಾ, ನೀನು ಹೇಳೋದ್ರಲ್ಲಿ ಅರ್ಧ ಸರಿ" ಅಂದೆ. ನಿಜವಾಗ್ಲೂ ಅರ್ಧ ಸರಿ. ಆ ನಿರ್ಧಾರದಿಂದ ಫ್ರಾಂಕೋ ಕೂದಲೂ ಕೊಂಕಲಿಲ್ಲ, 1953ರಲ್ಲಿ ಅಮೆರಿಕ ಅವನ ಜೊತೆ ಸೇನಾ ನೆಲೆಗಳ ಒಪ್ಪಂದ ಮಾಡ್ಕೊಳ್ತು, 1955ರಲ್ಲಿ ವಿಶ್ವಸಂಸ್ಥೆ ಸ್ಪೇನನ್ನ ಒಳಗೆ ಸೇರಿಸ್ಕೊಳ್ತು. ಎಪ್ಪತ್ತರ ಹತ್ತಿರ ಬಂದಿದ್ದ ಕಲಾವಿದನಿಗೆ ಒಂದೊಂದು ವರ್ಷಾನೂ ಚಿನ್ನ, ಆ ಕೈಯಲ್ಲಿ ಇನ್ನೂ ಶಕ್ತಿ ಇದ್ದ ವರ್ಷಗಳು ನಮ್ಮ ಕಿವಿಗೆ ಸಿಗದೇ ಹೋದ್ವು. ಆದ್ರೆ ಅಣ್ಣ ಒಂದು ಮರೀತಾನೆ. ಅವರು ಸಂಗೀತ ಬಿಡಲಿಲ್ಲ. ಬೆಳಗ್ಗೆ ಎದ್ದು ಪಿಯಾನೋದಲ್ಲಿ ಬಾಖ್, ಆಮೇಲೆ ಚೆಲ್ಲೋ ಸಾಧನೆ, ಪಾಠ, ಸಂಯೋಜನೆ, ಅದೆಲ್ಲ ಒಂದು ದಿನ ನಿಲ್ಲಲಿಲ್ಲ. ಯುದ್ಧದ ನಡುವೆ ಅದೇ ಪ್ರಾದ್‌ನಲ್ಲಿ, ತಮ್ಮ ಜೊತೆ ನಿರಾಶ್ರಿತರಾಗಿದ್ದ ಕವಿ ಜೊಆನ್ ಅಲವೆದ್ರಾ ಬರೆದ ಕವಿತೆಗೆ ಕ್ರಿಸ್ತ ಜನನದ ದೊಡ್ಡ ಗಾಯನಕೃತಿ ಎಲ್ ಪೆಸ್ಸೆಬ್ರೆ ಬರೆಯೋಕೆ ತೊಡಗಿದ್ರು. ಅವರು ಹಿಂದಕ್ಕೆ ತಗೊಂಡಿದ್ದು ವೇದಿಕೆ, ಸನ್ಮಾನ, ದುಡ್ಡು. ರಾಯಭಾರಿಗಳು ಮೊದಲ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿ, ನೋಡಿ ಎಲ್ಲ ಸರಿಯಾಗೇ ಇದೆ ಅಂತ ಮನೆಗೆ ಹೋಗೋ ಸಂಜೆಗಳನ್ನ ಅವರು ಕೊಡಲ್ಲ ಅಂದ್ರು. ಕ್ಯಾಂಪಿನಲ್ಲಿದ್ದೋರಿಗೆ, ಜೈಲಲ್ಲಿದ್ದೋರಿಗೆ ನಮ್ಮನ್ನ ಒಬ್ಬ ಮರೆತಿಲ್ಲ ಅನ್ನೋದು ಗೊತ್ತಾಗ್ತಿತ್ತಲ್ಲ, ಅದಕ್ಕೆ ಬೆಲೆ ಇಲ್ವಾ? ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ, ನಷ್ಟ ಆಯ್ತು ಅಂತ ಒಪ್ಕೊಂಡೇ ಸರಿ ಅಂತೀನಿ.

ಆ ಮೌನ ಒಡೆದ ರೀತಿನೂ ಚೆನ್ನಾಗಿದೆ. ವಯಲಿನ್ ವಾದಕ ಅಲೆಕ್ಸಾಂಡರ್ ಶ್ನೈಡರ್ ಭಾರೀ ಮೊತ್ತದ ಅಮೆರಿಕ ಪ್ರವಾಸದ ಪ್ರಸ್ತಾಪ ತಂದ್ರು, ಒಪ್ಪಲಿಲ್ಲ. ಸರಿ, ನೀವು ಬರಲ್ಲ ಅಂದ್ರೆ ನಾವೇ ಬರ್ತೀವಿ ಅಂದ್ರು. 1950, ಬಾಖ್ ತೀರಿಕೊಂಡು 200 ವರ್ಷ. ಐಸಾಕ್ ಸ್ಟರ್ನ್, ಸಿಗೆಟಿ, ರುಡಾಲ್ಫ್ ಸರ್ಕಿನ್, ಕ್ಲಾರಾ ಹಾಸ್ಕಿಲ್, ಹೊರ್ಶೋವ್‌ಸ್ಕಿ, ಇಂಥ ಹೆಸರಾಂತ ವಾದಕರೆಲ್ಲ ಆ ಸಣ್ಣ ಊರಿನ ಸೇಂಟ್ ಪಿಯೆರ್ ಚರ್ಚಿಗೆ ಬಂದು ನುಡಿಸಿದ್ರು. ಫ್ರಾನ್ಸ್ ಕೂಡ ಫ್ರಾಂಕೋನ ಒಪ್ಪಿದ್ದ ದೇಶವೇ ತಾನೇ ಅಂತ ಅಣ್ಣ ತಕ್ಷಣ ಹಿಡಿದ. ಹೌದು, ಆದ್ರೆ ಪ್ರಾದ್ ಅವರಿಗೆ ವಿದೇಶ ಆಗಿರಲಿಲ್ಲ, ಅಲ್ಲಿಂದ ಆಚೆ ಹೋಗದೇ ಇರೋದೇ ಅವರ ಪ್ರತಿಭಟನೆಯಾಗಿತ್ತು.

ಕೊರ್ತೋ ವಿಷಯ ಇಲ್ಲೇ ಹೇಳಿಬಿಡ್ತೀನಿ. ಹಳೇ ಮೂವರ ತಂಡದ ಪಿಯಾನೋ ಗೆಳೆಯ, ಯುದ್ಧದ ಕಾಲದಲ್ಲಿ ಜರ್ಮನರ ಜೊತೆ ಕೈ ಜೋಡಿಸಿದ್ದ ಫ್ರಾನ್ಸ್‌ನ ವಿಶಿ ಸರ್ಕಾರದ ಪರ ಕೆಲಸ ಮಾಡಿದ್ರು, ಜರ್ಮನಿಯಲ್ಲಿ ಹೋಗಿ ನುಡಿಸಿದ್ರು. ಯುದ್ಧ ಮುಗಿದ ಮೇಲೆ ಕಸಾಲ್ಸ್ ಹತ್ರ ಬಂದು, ನಾನು ಮಾಡಿದ್ದು ನಿಜ, ನಾಚಿಕೆ ಆಗ್ತಿದೆ ಅಂತ ಒಪ್ಕೊಂಡ್ರಂತೆ. 1958ರಲ್ಲಿ ಪ್ರಾದ್ ಉತ್ಸವದಲ್ಲಿ ಇಬ್ಬರು ಮುದುಕರೂ ಒಟ್ಟಿಗೆ ಕೂತು ನುಡಿಸಿದ್ರು. ತಿಬೋ ಅಷ್ಟೊತ್ತಿಗೆ ಇರಲಿಲ್ಲ, 1953ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡಿದ್ರು. ಅಷ್ಟು ಕಠಿಣವಾಗಿದ್ದ ಮನುಷ್ಯ ಬಾಯಿಬಿಟ್ಟು ತಪ್ಪೊಪ್ಪಿಕೊಂಡ ಗೆಳೆಯನಿಗೆ ಬಾಗಿಲು ತೆಗೆದ್ರು ಅನ್ನೋದು ನಂಗೆ ತುಂಬಾ ದೊಡ್ಡದು ಅನ್ಸತ್ತೆ.

ಈಗ ಅಮ್ಮನ ಊರು. 1955ರ ಕೊನೆಗೆ ಮೊದಲ ಸಲ ಪೋರ್ಟೊ ರಿಕೋ ನೋಡಿದ್ರು, ಅಮ್ಮ ಹುಟ್ಟಿದ ಮಾಯಗ್ವೇಸ್‌ಗೆ ಹೋದ್ರು. 1957ರಲ್ಲಿ ಅಲ್ಲಿಯವರೇ ಆದ ಶಿಷ್ಯೆ ಮಾರ್ತಾ ಮೊಂಟಾಞೆಸ್ ಅವರನ್ನ ಮದುವೆಯಾದ್ರು, ಅವರಿಗೆ 80, ಆಕೆಗೆ 20. ಆ ವಯಸ್ಸಿನ ಅಂತರ ನಂಗೂ ಕಸಿವಿಸಿ ಮಾಡತ್ತೆ, ಮುಚ್ಚಿಡಲ್ಲ, ಆದ್ರೆ ಮಾರ್ತಾ ಅವರು ಬರೀ ಹೆಂಡತಿಯಾಗಿ ಉಳೀಲಿಲ್ಲ, ಮುಂದೆ ವಾಷಿಂಗ್ಟನ್‌ನ ಕೆನಡಿ ಸೆಂಟರ್‌ನ ಕಲಾ ನಿರ್ದೇಶಕಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದೋರು. ಆ ದ್ವೀಪದಲ್ಲಿ ಕಸಾಲ್ಸ್ ಉತ್ಸವ, ಸಿಂಫನಿ ವಾದ್ಯವೃಂದ, ಸಂಗೀತ ಕಾಲೇಜು ಎಲ್ಲ ಎದ್ದು ನಿಂತಿದ್ದು ಆ ಕೆಲವೇ ವರ್ಷಗಳಲ್ಲಿ. ಮೊದಲ ಉತ್ಸವದ ರಿಹರ್ಸಲ್‌ನಲ್ಲೇ ಹೃದಯಾಘಾತ ಆಯ್ತು ಇವರಿಗೆ, ಸಂಗೀತಗಾರರು ಕಂಡಕ್ಟರ್ ಜಾಗ ಖಾಲಿ ಬಿಟ್ಟು ಉತ್ಸವ ನಡೆಸಿದ್ರು.

1961ರ ನವೆಂಬರ್ 13ಕ್ಕೆ ವೈಟ್ ಹೌಸ್‌ನಲ್ಲಿ ಅಧ್ಯಕ್ಷ ಕೆನಡಿ ಮುಂದೆ ನುಡಿಸಿದ್ರು. ಅಣ್ಣನ ಕೈಗೆ ಇದು ದೊಡ್ಡ ಅಸ್ತ್ರ, "ಅಮೆರಿಕ ಫ್ರಾಂಕೋ ಸ್ನೇಹಿತ ಅಲ್ವಾ, ಎಲ್ಲಿ ಹೋಯ್ತು ನಿನ್ನ ಕಸಾಲ್ಸ್ ವ್ರತ?" ಅಂತ. ಕಸಾಲ್ಸ್ ಕೆನಡಿ ಮೇಲೆ ನಂಬಿಕೆ ಇಟ್ಟು ಒಪ್ಕೊಂಡ್ರು, ಸ್ಪೇನ್ ವಿಷಯ ಅವರ ಹತ್ರ ಮಾತಾಡೋ ಅವಕಾಶ ಅಂತಾನೂ ನೋಡಿದ್ರು. ಸ್ಪೇನ್ ನೀತಿ ಬದಲಾಗಲಿಲ್ಲ. ಇಲ್ಲಿ ನಂಗೂ ಸಮಾಧಾನ ಇಲ್ಲ, ಹಾಗಂತ 84 ವರ್ಷದ ಮನುಷ್ಯ ಒಂದು ಸಲ ಆಸೆ ಇಟ್ಕೊಂಡ್ರು ಅಂತ ಹಿಂದಿನದ್ದೆಲ್ಲ ಸುಳ್ಳಾಗಲ್ಲ. 1904ರಲ್ಲಿ ಅಪ್ಪ ಅಧ್ಯಕ್ಷರಾಗಿದ್ದಾಗ ಕಸಾಲ್ಸ್ ನುಡಿಸಿದ್ದನ್ನ ಕೇಳಿದ್ದ ರೂಸ್‌ವೆಲ್ಟ್ ಮಗಳು ಆಲಿಸ್ ಆ ರಾತ್ರಿನೂ ಕೇಳುಗರಲ್ಲಿ ಕೂತಿದ್ರು.

1971ರ ಅಕ್ಟೋಬರ್ 24ಕ್ಕೆ ವಿಶ್ವಸಂಸ್ಥೆಯಲ್ಲಿ, 94ನೇ ವಯಸ್ಸಲ್ಲಿ, ಚೆಲ್ಲೋ ಹಿಡಿದು "ಹಕ್ಕಿಗಳ ಹಾಡು" ಅನ್ನೋ ಕತಲಾನ್ ಜನಪದದ ಕ್ರಿಸ್ಮಸ್ ಹಾಡು ನುಡಿಸಿದ್ರು. ದೇಶ ಬಿಟ್ಟ ಮೇಲೆ ಕಚೇರಿ ಕೊನೆಗೆ ಇದನ್ನೇ ನುಡಿಸ್ತಿದ್ರು. ನುಡಿಸೋ ಮುಂಚೆ ನಡುಗೋ ದನಿಯಲ್ಲಿ, ನಮ್ಮ ಊರಿನ ಹಕ್ಕಿಗಳು ಆಕಾಶಕ್ಕೆ ಹಾರಿದಾಗ ಶಾಂತಿ, ಶಾಂತಿ, ಶಾಂತಿ ಅಂತ ಹಾಡ್ತವೆ ಅಂತ ಹೇಳ್ತಾರೆ. ವಿಡಿಯೋ ಸಿಗತ್ತೆ, ಕಮಾನು ಅಲುಗಾಡತ್ತೆ, ಶ್ರುತಿ ಅಲ್ಲಲ್ಲಿ ತಪ್ಪತ್ತೆ, ಅದೇನೂ ಲೆಕ್ಕಕ್ಕೇ ಬರಲ್ಲ. 1973ರ ಅಕ್ಟೋಬರ್ 22ಕ್ಕೆ ಪೋರ್ಟೊ ರಿಕೋದಲ್ಲೇ ತೀರ್ಕೊಂಡ್ರು. ಫ್ರಾಂಕೋ ಸತ್ತಿದ್ದು 1975ರ ನವೆಂಬರ್‌ನಲ್ಲಿ, ಎರಡು ವರ್ಷ ಆದ ಮೇಲೆ. ಅವನಿರೋವರೆಗೂ ಸ್ಪೇನ್‌ಗೆ ಬಂದು ನೆಲೆಸೋಲ್ಲ ಅಂದಿದ್ದ ಮನುಷ್ಯನ ಅವಶೇಷಾನ 1979ರಲ್ಲಿ ಎಲ್ ವೆಂಡ್ರೆಲ್‌ಗೆ ತಂದು ಮಣ್ಣು ಮಾಡಿದ್ರು.

ಕೇಳೋಕೆ ಶುರು ಮಾಡೋರಿಗೆ ನನ್ನ ಸಲಹೆ. ಒಂದನೇ ಸೂಟ್‌ನ ಪ್ರೆಲ್ಯೂಡ್ ಜಾಹೀರಾತುಗಳಲ್ಲೆಲ್ಲ ಕೇಳಿ ಕೇಳಿ ಸವೆದಿದೆ, ಅಲ್ಲಿಂದ ಬೇಡ. 1936ರ ಎರಡನೇ ಸೂಟ್‌ನಿಂದ ಶುರು ಮಾಡಿ, ಹೆಡ್‌ಫೋನ್ ಹಾಕ್ಕೊಳ್ಳಿ, ಹಳೇ ತಟ್ಟೆಯ ಪರಪರ ಸದ್ದಿಗೆ ಕಿವಿ ಐದು ನಿಮಿಷದಲ್ಲಿ ಹೊಂದ್ಕೊಳತ್ತೆ. ಇವತ್ತಿನ ಎಷ್ಟೋ ವಾದಕರಿಗೆ ಕಸಾಲ್ಸ್ ಬಾಖ್ ತೀರಾ ಭಾರ, ನೃತ್ಯದ ಹಗುರ ಇಲ್ಲ ಅನ್ಸತ್ತೆ, ಅದನ್ನೂ ಒಪ್ತೀನಿ, ಹಗುರ ಬೇಕು ಅಂದ್ರೆ ಹಳೇ ಕಾಲದ ಕಮಾನಿನಲ್ಲಿ ನುಡಿಸಿರೋ ಆನ್ನರ್ ಬಿಲ್ಸ್ಮಾ ಅವರನ್ನ ಕೇಳಿ. ಆಮೇಲೆ ಜಾರ್ಜ್ ಸೆಲ್ ಮತ್ತೆ ಚೆಕ್ ಫಿಲ್ಹಾರ್ಮೋನಿಕ್ ಜೊತೆ 1937ರಲ್ಲಿ ಪ್ರಾಗ್‌ನಲ್ಲಿ ಮಾಡಿದ ದ್ವೊರ್ಝಾಕ್ ಕಾನ್ಚೆರ್ಟೋ. ಪ್ಯಾರಿಸ್‌ನಲ್ಲಿ ದಂಡ ಕಟ್ಟಿದ್ದು ಇದೇ ಕೃತಿಗೆ. ಮೊದಲ ಸಲ ಚೆಲ್ಲೋ ಒಳಗೆ ಬರೋ ಜಾಗ ಕೇಳಿ, ಆಮೇಲೆ ನನ್ನ ಜೊತೆ ವಾದಕ್ಕೆ ಬನ್ನಿ.